ಕರಿಕಿ ಬೆಳೆಸುವ ಪಗಾರ

ಅಕ್ಟೋಬರ್ ಬಂತೆಂದರೆ ಮುಂಬೈಯಲ್ಲಿ ಇಬ್ಬರಿಗೆ ಸುಗ್ಗಿ. ಒಬ್ಬರು ಎ.ಸಿ. ರಿಪೇರಿ ಮಾಡುವವರು, ಇನ್ನೊಬ್ಬರು ಗಾಲ್ಫ್ ಆಡುವವರು. ಮೊದಲನೆಯವರಿಗೆ ಯಾಕೆಂದು ಈ ಊರಿನ ಒಂದು ಅಕ್ಟೋಬರ್ ಕಂಡವರಿಗೆ ಹೇಳಬೇಕಾಗಿಲ್ಲ. ಎರಡನೆಯವರಿಗೆ ನಾಲ್ಕು ತಿಂಗಳ ಕೆಸರು ಮುಗಿದು ಹಸಿರು ಮೈದಾನ ಕೈಗೆ ಸಿಗುವ ಕಾಲ ಇದು. ನಾನು ಈ ಎರಡೂ ಗುಂಪಿನವನಲ್ಲ. ಗಾಲ್ಫ್ ಕೋಲು ಹಿಡಿದದ್ದು ಎರಡೇ ಸಲ. ಎರಡು ಸಲವೂ ಚೆಂಡಿಗಿಂತ ಮಣ್ಣೇ ದೂರ ಹೋಗಿತ್ತು. ಆದರೂ ಈ ತಿಂಗಳ ಅಂಕಣ ಗಾಲ್ಫ್ ಮೈದಾನದ ಬಗ್ಗೆ. ಆಟದ ಬಗ್ಗೆ ಅಲ್ಲ, ಅದರ ಹುಲ್ಲಿನ ಬಗ್ಗೆ.

ಕಳೆದ ವರ್ಷ ಇದೇ ಸಮಯ. ನಮ್ಮ ಕಂಪನಿಗೆ ಹೊರದೇಶದಿಂದ ಕ್ಲೈಂಟ್‌ಗಳು ಬಂದಿದ್ದರು. ಮೀಟಿಂಗ್ ಮುಗಿದ ಮರುದಿನ ಅವರಿಗೆ ಉಪನಗರದ ಒಂದು ಗಾಲ್ಫ್ ಕೋರ್ಸಿನಲ್ಲಿ ಬೆಳಗಿನ ಆಟ. ಪ್ರಾಜೆಕ್ಟ್ ನನ್ನದಾದ್ದರಿಂದ ಜೊತೆಗೆ ಹೋಗುವ ಕೆಲಸವೂ ನನ್ನದೇ. ಆರು ಗಂಟೆಗೆ ಗಾಡಿ ಇಳಿದಾಗ ಎಲ್ಲೆಲ್ಲೂ ಇಬ್ಬನಿ. ಗೇಟಿನ ಪಕ್ಕದ ಹಾಲೆ ಮರ ಹೂಬಿಟ್ಟು ತಲೆನೋವು ಬರುವಷ್ಟು ಘಮ. ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯಂದು ಕಹಿ ಕಷಾಯ ಕುಡಿಯುತ್ತಾರಲ್ಲ, ಅದೇ ಮರ. ಮುಂಬೈಯಲ್ಲಿ ಇದನ್ನು ರಸ್ತೆ ಬದಿಗೆಲ್ಲ ನೆಟ್ಟಿದ್ದಾರೆ. ಅದು ಹೂಬಿಟ್ಟಿತೆಂದರೆ ಮಳೆ ಹೋಯಿತೆಂದು ಲೆಕ್ಕ.

ಮೊದಲ ಗ್ರೀನ್ ಹತ್ತಿರ ಹೋದಾಗ ನನ್ನ ಎದೆ ಧಸಕ್ಕೆಂದಿತು. ಗ್ರೀನ್ ಅಂದರೆ ಬಾವುಟ ನೆಟ್ಟ ಕುಳಿಯ ಸುತ್ತ ಇರುವ, ಜಮಖಾನೆಯಂತೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ. ಅಲ್ಲಿ ಜಮಖಾನೆ ಇರಲಿಲ್ಲ. ಸಾವಿರಾರು ತೂತುಗಳು, ಮೇಲೆಲ್ಲ ಮರಳು. ಯಾರೋ ಮೊಳೆ ಹೊಡೆದು ಕಿತ್ತ ಹಾಗೆ. ಅತಿಥಿಗಳಲ್ಲಿ ಒಬ್ಬರು ಹುಬ್ಬೇರಿಸಿ ನನ್ನ ಕಡೆ ನೋಡಿದರು. ಬುಕಿಂಗ್ ಮಾಡಿದವನು ನಾನೇ ಏನೋ ಎಂಬಂತೆ ನಾನು ಪೆಚ್ಚು ಮೋರೆ ಹಾಕಿದೆ.

ಆಗ ಪಕ್ಕದ ಗ್ರೀನ್ ಕಡೆಯಿಂದ ಒಂದು ದನಿ ಕೇಳಿಸಿತು. "ಹಗೂರ ಎಳಿಯಲೇ ತಮ್ಮಾ, ಉಸುಕೆಲ್ಲಾ ಒಂದ ಕಡೆ ಬೀಳಾಕತ್ತೈತಿ!"

ಈ ಊರಲ್ಲಿ ಹದಿನಾಲ್ಕು ವರ್ಷವಾಯಿತು. ಲೋಕಲ್ ಟ್ರೇನಿನ ಗದ್ದಲದಲ್ಲೂ ಕನ್ನಡದ ಒಂದು ಶಬ್ದ ಬಿದ್ದರೆ ಕಿವಿ ನಿಮಿರುತ್ತದೆ. ಆಟಗಾರರು ಮುಂದೆ ಹೋದರು, ನಾನು ಹಿಂದೆ ಉಳಿದೆ.

"ಕಾಕಾ, ನೀವು ಕನ್ನಡದವರಾ?"

"ಹೌದ್ರಿ. ಬಿಜಾಪುರ ಜಿಲ್ಲಾ, ಇಂಡಿ ಕಡೆ. ತಮ್ಮದ್ಯಾವೂರ್ರಿ?"

ಅರವತ್ತರ ಆಸುಪಾಸಿನ ಮನುಷ್ಯ. ತಲೆಗೆ ಟವೆಲ್, ಕಾಲಿಗೆ ಗಮ್ ಬೂಟು. 1972ರ ಬರಗಾಲದಲ್ಲಿ ತಂದೆ ಸೊಲ್ಲಾಪುರದ ಮೇಲಿಂದ ಮುಂಬೈಗೆ ಬಂದು ಮಣ್ಣು ಹೊರುವ ಕೆಲಸಕ್ಕೆ ಸೇರಿದರಂತೆ. ಮಗ ದೊಡ್ಡವನಾದ ಮೇಲೆ ಊರಿಗೂ ಮುಂಬೈಗೂ ಓಡಾಡುತ್ತ, ಕೊನೆಗೆ ಗಾಲ್ಫ್ ಮೈದಾನದ ಮಾಲಿಯಾಗಿ ನಿಂತಿದ್ದಾರೆ. ಈಗ ಕಾಂಟ್ರ್ಯಾಕ್ಟರ್ ಕೈಕೆಳಗೆ. ಕಾಕಾ ಆಡಿದ ಮೊದಲ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು.

"ನಮ್ಮೂರಾಗ ಕರಿಕಿ ಅಗದೂ ಅಗದೂ ಬೆನ್ನು ಬಾಗತಿತ್ರಿ. ಹೊಲದಾಗ ಕರಿಕಿ ಹೊಕ್ಕಿತಂದ್ರ ಮನಿಗೆ ಸಾಲ ಹೊಕ್ಕಂಗ. ಇಲ್ಲಿ ನೋಡ್ರಿ, ಅದ ಕರಿಕಿ ಬೆಳಸಾಕ ಪಗಾರ ಕೊಡ್ತಾರ!"

ಕರಿಕಿ ಅಂದರೆ ಗರಿಕೆ. ಚೌತಿಯಂದು ಇಪ್ಪತ್ತೊಂದು ಎಣಿಸಿ ಗಣಪತಿಗೆ ಏರಿಸುವ ಅದೇ ಗರಿಕೆ. ಗಾಲ್ಫಿನವರು ಇದನ್ನು ಬರ್ಮುಡಾ ಗ್ರಾಸ್ ಎನ್ನುತ್ತಾರೆ. ಕಾಕಾ ತಮಾಷೆಗೆ ಹೇಳಿದ್ದೆಂದುಕೊಂಡೆ. ಮನೆಗೆ ಬಂದು ಓದಿ ನೋಡಿದರೆ ಅಕ್ಷರಶಃ ನಿಜ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ನಮ್ಮ ಗರಿಕೆಯ ಜಾತಿಯನ್ನೂ ಅದರ ಆಫ್ರಿಕದ ದಾಯಾದಿಯನ್ನೂ ಕೂಡಿಸಿ ಮೈದಾನದ ಹುಲ್ಲುಗಳನ್ನು ತಯಾರಿಸಿದ. 1960ರ ಟಿಫ್‌ವೇ, 1965ರ ಟಿಫ್‌ಡ್ವಾರ್ಫ್ ಇವೆಲ್ಲ ಆ ಊರಿನ ಹೆಸರು ಹೊತ್ತ ಹುಲ್ಲುಗಳು. ಬಿಸಿಲು ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಇವತ್ತಿಗೂ ಈ ಕುಲದವೇ ಹೆಚ್ಚು. ಇಂಡಿಯ ಎರೆಹೊಲದಲ್ಲಿ ಕಳೆ, ಗಣಪತಿಯ ತಲೆಯ ಮೇಲೆ ಪೂಜೆ, ಮುಂಬೈಯಲ್ಲಿ ಮೆಂಬರ್‌ಶಿಪ್ ಕೊಟ್ಟು ತುಳಿಯುವ ಹುಲ್ಲು. ಒಂದೇ ಕುಲ, ಮೂರು ಬಾಳು.

ಈ ತೂತುಗಳೇಕೆ ಎಂದು ಕೇಳಿದೆ. ಕಾಕಾ ಚಾಕುವಿನಿಂದ ಗ್ರೀನಿನ ಅಂಚಿನಲ್ಲಿ ಒಂದು ಚಿಕ್ಕ ಹೆಂಟೆ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು. ಮೇಲೆ ಹಸಿರು, ಕೆಳಗೆ ಕಂದು ಬಣ್ಣದ ಸತ್ತ ಹುಲ್ಲಿನ ಪದರ, ಅದರ ಕೆಳಗೆ ಬೇರು. ಬೇರು ಬೆರಳಿನ ಒಂದು ಗಂಟಿನಷ್ಟೂ ಇರಲಿಲ್ಲ.

"ಮ್ಯಾಲೆ ನೋಡಿದ್ರ ಹಸರ ಐತಿ. ಕೆಳಗ ಜೀವ ಇಲ್ಲ. ಮಳ್ಯಾಗ ಕೂತು ಉಂಡೈತ್ರಿ ಇದು. ಬಾಯಿಗೇ ನೀರು ಬರ್ತಿರಬೇಕಾದ್ರ ಬೇರ್ಯಾಕ ಇಳಿತೈತಿ?"

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2,200 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಕಾಕಾನ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು, ಅಂದರೆ ಇಂಡಿಯ ಒಂದೂವರೆ ವರ್ಷದ ಮಳೆ. ಇಷ್ಟು ನೀರು ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದ ಕಡೆ ಬೇರು ಇಳಿಯುವುದಿಲ್ಲ. ಮೋಡದಿಂದಾಗಿ ಬಿಸಿಲೂ ಇಲ್ಲ. ಹಾಕಿದ ಗೊಬ್ಬರ ತೊಳೆದು ಹೋಗುತ್ತದೆ. ಒದ್ದೆ ನೆಲದ ಮೇಲೆ ಜನ ಓಡಾಡಿ ಮಣ್ಣು ಗಟ್ಟಿಯಾಗುತ್ತದೆ. ಕೆಲವು ಕಡೆ ಪಾಚಿಯೂ ಕಟ್ಟುತ್ತದೆ. ಇವೆಲ್ಲದರ ಮೇಲೆ ಹಸಿರಿನ ಮುಸುಕು. ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಆಮೇಲೆ ಒಂದೇ ವಾರದಲ್ಲಿ ಬಿಸಿಲು ಸುಡತೊಡಗುತ್ತದೆ. ಒಂದು ಗಂಟಿನ ಬೇರಿನ ಹುಲ್ಲು ಆ ಬಿಸಿಲಿಗೆ ಸಿಕ್ಕರೆ ಮುಗಿಯಿತು.

ಹಾಗಾಗಿ ತೂತು. ಒಳಗೆ ಪೊಳ್ಳಾದ ಉಕ್ಕಿನ ಹಲ್ಲುಗಳಿರುವ ಯಂತ್ರ ನೆಲವನ್ನು ಚುಚ್ಚಿ, ಚಿಕ್ಕ ಬತ್ತಿಯಷ್ಟು ಮಣ್ಣನ್ನು ಹೊರಗೆ ತೆಗೆಯುತ್ತದೆ. ಆ ಮಣ್ಣನ್ನು ಗುಡಿಸಿ, ತೂತಿಗೆ ಜರಡಿ ಹಿಡಿದ ಒಣ ಮರಳು ತುಂಬುತ್ತಾರೆ. ಗಾಳಿ ಒಳಗೆ ಹೋಗುತ್ತದೆ, ನೀರು ಕೆಳಗಿಳಿಯುತ್ತದೆ, ನೀರನ್ನು ಹುಡುಕಿಕೊಂಡು ಬೇರೂ ಇಳಿಯುತ್ತದೆ.

ಐಟಿಯವನ ಚಟ, ನಿಂತಲ್ಲೇ ಲೆಕ್ಕ ಹಾಕಿದೆ. ತೂತಿನ ಅಗಲ 12 ಮಿ.ಮೀ., ಆಳ 8 ಸೆಂ.ಮೀ., ಒಂದಕ್ಕೊಂದು 5 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ 400 ತೂತು. ಒಂದು ಗ್ರೀನ್ 500 ಚದರ ಮೀಟರ್ ಆದರೆ 2 ಲಕ್ಷ. ಹದಿನೆಂಟು ಗ್ರೀನಿಗೆ 36 ಲಕ್ಷ ತೂತು! ಅವನ್ನೆಲ್ಲ ತುಂಬಲು ಸುಮಾರು 50 ಟನ್ ಮರಳು. ಯಂತ್ರ ಚುಚ್ಚುತ್ತದೆ ನಿಜ, ಆದರೆ ಮರಳನ್ನು ಸಮನಾಗಿ ಎಳೆದು ಪ್ರತಿ ತೂತಿಗೂ ಇಳಿಸುವುದು ಕೈಗಳು, ಪೊರಕೆಗಳು. "ತೂತು ಅರ್ಧ ತುಂಬಿದ್ರ ಮ್ಯಾಲೆ ಕುಳಿ ಬೀಳತೈತಿ, ಚೆಂಡು ಕುಣಿತೈತಿ. ಆಮ್ಯಾಲೆ ಸಾಹೇಬ್ರು ನಮ್ಮನ್ನ ಕುಣಸ್ತಾರ" ಅಂದರು ಕಾಕಾ.

ಎರಡು ಮೂರು ವಾರದಲ್ಲಿ ಹುಲ್ಲು ತೂತನ್ನು ಮುಚ್ಚಿಕೊಳ್ಳುತ್ತದೆ. ಆದರೆ ಅದು ಚುರುಕಾಗಿ ಬೆಳೆಯುವ ಕಾಲದಲ್ಲೇ ಚುಚ್ಚಬೇಕು. ಬೇಗ ಚುಚ್ಚಿದರೆ ಮಳೆ ಬಂದು ಮರಳು ಕೊಚ್ಚಿಹೋಗುತ್ತದೆ, ತಡವಾದರೆ ಡಿಸೆಂಬರಿನ ತಂಪಿಗೆ ಬೆಳವಣಿಗೆ ನಿಧಾನ. ಸಿಗುವುದು ಅಕ್ಟೋಬರಿನ ಕೆಲವೇ ದಿನ. ತಮಾಷೆಯೆಂದರೆ ಎಲ್ಲರಿಗೂ ಆಡಬೇಕು ಅನ್ನಿಸುವುದೂ, ಕಂಪನಿಗಳು ಟೂರ್ನಮೆಂಟ್ ಇಟ್ಟುಕೊಳ್ಳುವುದೂ ಅದೇ ದಿನಗಳಲ್ಲಿ.

ಅಂದು ಹುಬ್ಬೇರಿಸಿದ ಅತಿಥಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ಅಮೆರಿಕದ ಉತ್ತರ ಭಾಗದವರು. ಅವರು ನಕ್ಕರು. ಅವರ ಊರಲ್ಲಿ ಶರತ್ಕಾಲ ಅಂದರೆ ಅಂಗಡಿ ಮುಚ್ಚುವ ಕಾಲವಂತೆ. ಮರದ ಎಲೆಗಳನ್ನು ಊದಿ ಗುಡಿಸಿ, ಪೈಪುಗಳ ನೀರು ಹೆಪ್ಪುಗಟ್ಟಿ ಒಡೆಯದಂತೆ ಖಾಲಿ ಮಾಡಿ, ಹಿಮಕ್ಕೆ ಮೈದಾನ ಒಪ್ಪಿಸಿ ಮನೆಗೆ ಹೋಗುತ್ತಾರೆ. ಮುಂಬೈಯಲ್ಲಿ ಪೂರ್ತಿ ತಿರುಗು ಮುರುಗು. ಇಲ್ಲಿನ ಹೆಚ್ಚಿನ ಮರಗಳು ಎಲೆ ಉದುರಿಸುವುದು ಫೆಬ್ರವರಿ ಮಾರ್ಚಿನಲ್ಲಿ. ಅಕ್ಟೋಬರ್ ಇಲ್ಲಿ ಹುಲ್ಲಿಗೆ ಒಂದು ರೀತಿಯ ವಸಂತ. ದಿಲ್ಲಿಯ ಕಡೆ ಚಳಿಗೆ ಗರಿಕೆ ಒಣಗಿ ಕಂದಾಗುತ್ತದೆ, ಅದರ ಮೇಲೆ ಬೇರೆ ಚಳಿಗಾಲದ ಹುಲ್ಲಿನ ಬೀಜ ಎರಚುತ್ತಾರೆ. ಮುಂಬೈಯ ಚಳಿ ಗರಿಕೆಯನ್ನು ಮಲಗಿಸುವಷ್ಟು ಗಟ್ಟಿಯಲ್ಲ. ಚೆಂಬೂರಿನಲ್ಲಿ 1927ರಿಂದ ಇರುವ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇರಲಿ, ತಾಡದೇವದ ವಿಲ್ಲಿಂಗ್ಡನ್ ಇರಲಿ, ಗುಡ್ಡಗಳ ನಡುವೆ ಸಿಡ್ಕೊ ಮಾಡಿದ ಖಾರ್ಘರ್ ಮೈದಾನ ಇರಲಿ, ಎಲ್ಲ ಕಡೆಯೂ ವರ್ಷದ ಲೆಕ್ಕ ಶುರುವಾಗುವುದು ಮಳೆ ನಿಂತ ಮೇಲೆಯೇ.

ಆಮೇಲೆ ನಾನು ಇನ್ನೂ ಮೂರು ಭಾನುವಾರ ಅಲ್ಲಿಗೆ ಹೋದೆ. ಆಡುವುದಕ್ಕಲ್ಲ, ಕನ್ನಡ ಕೇಳುವುದಕ್ಕೆ. ಕಾಕಾನ ಕೆಲಸ ಬೆಳಕು ಹರಿಯುವ ಮೊದಲೇ ಶುರು. ಮೊದಲು ಉದ್ದನೆಯ ಬಿದಿರು ಗಳವನ್ನು ಗ್ರೀನ್ ಮೇಲೆ ಬೀಸಿ ಇಬ್ಬನಿ ಕೆಡವುತ್ತಾರೆ. ಎಲೆ ಒದ್ದೆಯಾಗಿ ಉಳಿದಷ್ಟೂ ಬೂಷ್ಟು ರೋಗ ಬರುವುದು ಸುಲಭ. ಇದೇ ಕಾರಣಕ್ಕೆ ಸಂಜೆ ನೀರು ಬಿಡುವುದಿಲ್ಲ, ಬೆಳಗಿನ ಜಾವ ಬಿಡುತ್ತಾರೆ. ಆಮೇಲೆ ಕತ್ತರಿಸುವ ಯಂತ್ರ. ಒಳ್ಳೆಯ ಕಾಲದಲ್ಲಿ ಗ್ರೀನಿನ ಹುಲ್ಲು 3ರಿಂದ 4 ಮಿ.ಮೀ. ಎತ್ತರ, ಅಂದರೆ ಒಂದರ ಮೇಲೊಂದಿಟ್ಟ ಎರಡು ನಾಣ್ಯದಷ್ಟು. ಮರಳು ಹಾಕಿದ ವಾರಗಳಲ್ಲಿ ಸ್ವಲ್ಪ ಎತ್ತರ ಬಿಡುತ್ತಾರೆ. ನಂತರ ಹಳೆಯ ಕುಳಿ ಮುಚ್ಚಿ ಬೇರೆ ಕಡೆ ಹೊಸ ಕುಳಿ ತೆಗೆಯಬೇಕು. ಅದರ ಅಗಲ ಜಗತ್ತಿನೆಲ್ಲೆಡೆ ಒಂದೇ, 108 ಮಿ.ಮೀ. ದಿನಾ ಜಾಗ ಬದಲಿಸದಿದ್ದರೆ ಒಂದೇ ಕಡೆ ತುಳಿದು ಹುಲ್ಲು ಸಾಯುತ್ತದೆ.

ಮಳೆಯ ನಂತರ ಇನ್ನೊಂದು ಶತ್ರು ಜೇಕು. ನಮ್ಮ ಕಡೆ ಕೊನ್ನಾರಿ ಗಡ್ಡೆ ಎನ್ನುತ್ತೇವೆ. ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆ ನಗುತ್ತಾ ಕೂತಿರುತ್ತದೆ. ನೆಲ ಇನ್ನೂ ಮೆತ್ತಗಿರುವಾಗಲೇ ಗಡ್ಡೆ ಸಮೇತ ಎಬ್ಬಿಸಬೇಕು. ನಾಲ್ಕಾರು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಇಡೀ ಬೆಳಗು ಅದನ್ನೇ ಮಾಡುತ್ತಿದ್ದರು. ಬೆಳ್ಳಕ್ಕಿ ಮೈನಾಗಳು ಒಂದೇ ಜಾಗದಲ್ಲಿ ಹೆಚ್ಚು ಕುಕ್ಕತೊಡಗಿದರೆ ಕಾಕಾನಿಗೆ ಅನುಮಾನ. ಅಲ್ಲಿ ಒಂದು ಬಕೆಟ್ ಸಾಬೂನಿನ ನೀರು ಸುರಿದು ಕಾಯುತ್ತಾರೆ. ಎರಡು ನಿಮಿಷದಲ್ಲಿ ಹುಲ್ಲಿನ ಬುಡದಿಂದ ಹುಳುಗಳು ಮೇಲೆ ಬಂದರೆ ಔಷಧಿ, ಬರದಿದ್ದರೆ ಇಲ್ಲ. ಇಡೀ ಮೈದಾನಕ್ಕೆ ಕಣ್ಣು ಮುಚ್ಚಿ ಸಿಂಪಡಿಸುವುದು ತಪ್ಪುತ್ತದೆ. ನಮ್ಮ ಆಫೀಸಿನಲ್ಲಿ ಇಂಥ ಟೆಸ್ಟಿಂಗ್‌ಗೆ ಒಂದು ಇಲಾಖೆಯೇ ಇದೆ.

ಇಷ್ಟೆಲ್ಲ ಮೆಚ್ಚಿಕೊಂಡರೂ ಒಂದು ಮುಜುಗರ ನನ್ನ ಮನಸ್ಸಿನಲ್ಲಿ ಉಳಿದಿದೆ, ಅದನ್ನು ಮುಚ್ಚಿಡಬಾರದು. ನೀರು. ಅಕ್ಟೋಬರ್ ಬಿಸಿಲಿಗೆ ಹುಲ್ಲು ದಿನಕ್ಕೆ 5 ಮಿ.ಮೀ. ನೀರು ಕುಡಿಯುತ್ತದೆ ಎಂದಿಟ್ಟುಕೊಂಡರೆ, ಹದಿನೆಂಟು ಗ್ರೀನಿಗೆ 45,000 ಲೀಟರ್. ಫೇರ್‌ವೇ ಎನ್ನುವ ಉದ್ದನೆಯ ಹಾದಿಗಳು ಹತ್ತು ಹೆಕ್ಟೇರ್ ಇದ್ದರೆ ಅವಕ್ಕೆ 5 ಲಕ್ಷ ಲೀಟರ್. ಮೇ ತಿಂಗಳಲ್ಲಿ ನಮ್ಮ ಸೊಸೈಟಿಗೆ 10,000 ಲೀಟರಿನ ಒಂದು ಟ್ಯಾಂಕರ್ ತರಿಸಲು ಕಮಿಟಿಯಲ್ಲಿ ಜಗಳವಾಗುತ್ತದೆ. ಆ ಲೆಕ್ಕದಲ್ಲಿ ಇದು ದಿನಕ್ಕೆ ಐವತ್ತೈದು ಟ್ಯಾಂಕರ್. ಕುಡಿಯುವ ನೀರನ್ನು ಇದಕ್ಕೆ ಬಳಸುವುದು ಅನ್ಯಾಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಕೊಳಚೆ ನೀರನ್ನು ಶುದ್ಧೀಕರಿಸಿ ಹುಲ್ಲಿಗೆ ಬಿಡುವುದು, ಮಳೆ ನೀರನ್ನು ಕೊಳಗಳಲ್ಲಿ ಹಿಡಿದಿಡುವುದು ಇಂಥ ಮೈದಾನಗಳಿಗೆ ಇರುವ ಮರ್ಯಾದೆಯ ದಾರಿ. ಉಳಿದದ್ದು ಬೇರಿನ ಕೈಯಲ್ಲಿದೆ. ಬೇರು ಆಳಕ್ಕಿಳಿದ ಹುಲ್ಲಿಗೆ ದಿನಾ ನೀರು ಬೇಡ, ಎರಡು ಮೂರು ದಿನಕ್ಕೊಮ್ಮೆ ಚೆನ್ನಾಗಿ ಉಣಿಸಿದರೆ ಸಾಕು. ಬರದ ನಾಡಿನ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. "ದಿನಾ ಚೂರು ಚೂರು ಕೊಟ್ರ ಹುಲ್ಲು ಸೋಮಾರಿ ಆಗತೈತ್ರಿ. ಜ್ವಾಳಕ್ಕ ನಾವೇನು ದಿನಾ ನೀರು ಹಾಕ್ತೀವೇನು?" ಅಂತ ಕಾಕಾ ಕೇಳಿದರು. ಅವರ ಊರಲ್ಲಿ ಇದೇ ದಿನಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ನೆಲದೊಳಗೆ ಉಳಿದ ಹಸಿಯ ಮೇಲೆಯೇ ಆ ಬೆಳೆ ಬರಬೇಕು. ಆ ಹಸಿ ಆರದಂತೆ ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ.

ಮೂರನೆಯ ಭಾನುವಾರ ಒಂದು ವಿಷಯ ಹೊರಬಿತ್ತು. ಅದರ ಹಿಂದಿನ ವರ್ಷ ಈ ಮೈದಾನದಲ್ಲಿ ತೂತು ಹೊಡೆದಿರಲೇ ಇಲ್ಲ. ಅಕ್ಟೋಬರ್ ತುಂಬಾ ಕಾರ್ಯಕ್ರಮಗಳು. ಗ್ರೀನ್ ಚಂದ ಕಾಣಬೇಕು, ಫೋಟೋಗೆ ಬರಬೇಕು. ಮುಂದಿನ ತಿಂಗಳು ನೋಡೋಣ, ನೋಡೋಣ ಅನ್ನುತ್ತ ಚಳಿ ಬಂತು. ದೀಪಾವಳಿಯ ಫೋಟೋದಲ್ಲಿ ಮೈದಾನ ಪಚ್ಚೆಯಂತೆ ಹೊಳೆಯಿತಂತೆ. ಏಪ್ರಿಲ್ ಮೇ ತಿಂಗಳಲ್ಲಿ ಮೂರು ಗ್ರೀನ್ ಸುಟ್ಟು ಬೋಳಾದವು. ಎಷ್ಟು ನೀರು ಸುರಿದರೂ ಗಟ್ಟಿ ನೆಲದ ಮೇಲೆ ಹರಿದು ಹೋಯಿತು, ಕೆಳಗಿಳಿಯಲಿಲ್ಲ. ಬೈಗುಳ ತಿಂದವರು ಮಾಲಿಗಳು. ಇಬ್ಬರ ಕೆಲಸವೂ ಹೋಯಿತು.

"ನೀವು ಆಗಲೇ ಹೇಳಬೇಕಿತ್ತು ಕಾಕಾ."

"ಹೇಳೀನ್ರಿ. ಮಾಲಿ ಮಾತು ಯಾರು ಕೇಳ್ತಾರ? ಹಸರ ಇದ್ದಾಗ ಹುಲ್ಲಿಗೆ ಬ್ಯಾನಿ ಐತಿ ಅಂದ್ರ ನಗ್ತಾರ."

ನಾನು ನಗಲಿಲ್ಲ. ಯಾಕೆಂದರೆ ಆ ನಗುವವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ಬೇರೆ ಕಂಪನಿಯಲ್ಲಿದ್ದಾಗ ದೀಪಾವಳಿಗೆ ಮೊದಲು ಡಾಟಾಬೇಸ್ ಮೆಂಟೆನೆನ್ಸ್ ಮಾಡಬೇಕಿತ್ತು. ನಾಲ್ಕು ತಾಸು ಸಿಸ್ಟಮ್ ಬಂದ್ ಮಾಡಬೇಕು ಎಂದು ನನ್ನ ಟೀಮಿನ ಒಬ್ಬ ಹುಡುಗ ಎರಡು ಸಲ ಮೇಲ್ ಕಳಿಸಿದ್ದ. ಹಬ್ಬದ ಸೇಲ್ ಸಮಯ, ಎಲ್ಲಾ ಚೆನ್ನಾಗಿಯೇ ಓಡುತ್ತಿದೆ, ಈಗ ಯಾಕೆ ಕೈ ಹಾಕುವುದು ಎಂದು ಮುಂದೂಡಿದವನು ನಾನು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿತ್ತು. ಮಾರ್ಚ್ ಕೊನೆಯ ವಾರ ಅದು ಮಲಗಿತು. ಏಳಿಸಲು ಒಂದೂವರೆ ದಿನ ಬೇಕಾಯಿತು. ಆ ರಾತ್ರಿ ಕಣ್ಣಿಗೆ ನಿದ್ದೆಯಿಲ್ಲದೆ ಕೂತವನು ಆ ಹುಡುಗ. ಅಪ್ರೈಸಲ್‌ನಲ್ಲಿ ಪೆಟ್ಟು ತಿಂದವನೂ ಅವನೇ. ನಾನು ಅವನ ಪರವಾಗಿ ಒಂದು ಮಾತು ಬರೆಯಬಹುದಿತ್ತು, ಬರೆಯಲಿಲ್ಲ. ಅವನು ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ಕಾಕಾನಿಗೆ ಇದನ್ನು ಹೇಳಿದೆ. ಡಾಟಾಬೇಸ್ ಅಂದರೇನೆಂದು ಅವರು ಕೇಳಲಿಲ್ಲ. "ಆ ಹುಡುಗಗ ಒಂದು ಫೋನ್ ಮಾಡ್ರಿ" ಅಂದರು, ಅಷ್ಟೇ.

ಸೀಗಿ ಹುಣ್ಣಿಮೆಯ ಸಂಜೆ ಅವರದೇ ಫೋನ್ ಬಂತು. ನಮ್ಮ ಸೊಸೈಟಿಯ ಟೆರೇಸಿನಲ್ಲಿ ಆಗ ಕೋಜಾಗಿರಿಯ ಮಸಾಲೆ ಹಾಲು ಕಾಯುತ್ತಿತ್ತು. ಒಂದೇ ಹುಣ್ಣಿಮೆ, ಎರಡು ಹೆಸರು. ಅವರ ಊರಲ್ಲಿ ಅಂದು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆ ಹೊತ್ತ ಭೂಮಿತಾಯಿಗೆ ಬಸುರಿಯ ಬಯಕೆ ತೀರಿಸುವಂತೆ ಅಡುಗೆ ಮಾಡಿ ಚರಗ ಚೆಲ್ಲುತ್ತಾರೆ. ಕಾಕಾನಿಗೆ ರಜೆ ಸಿಕ್ಕಿರಲಿಲ್ಲ. ಹೆಂಡತಿ ಮಾಡಿಕೊಟ್ಟ ಕಡುಬು, ಭಜ್ಜಿ ಡಬ್ಬಿಯಲ್ಲಿ ತಂದು, ಬೆಳಿಗ್ಗೆ ಯಾರೂ ಬರುವ ಮೊದಲು ಏಳನೇ ಗ್ರೀನಿನ ಆಚೆಯ ಪೊದೆಯ ಕಡೆ ಚೆಲ್ಲಿದರಂತೆ. "ಮಣ್ಣು ಯಾರದ ಆದರೇನ್ರಿ, ಉಣ್ಣಾಕ ಕೊಟ್ಟೈತಿ" ಅಂದರು. ನವೆಂಬರಿನಲ್ಲಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಗ್ರೀನಿನದಲ್ಲ. ಅಂಗೈ ಮೇಲಿನ ಒಂದು ಹೆಂಟೆಯದು. ಬೇರು ಬೆರಳಿನ ಎರಡೂವರೆ ಗಂಟು ದಾಟಿತ್ತು.

ಈ ವರ್ಷದ ಅಕ್ಟೋಬರ್ ಬಂದಿದೆ. ಹಾಲೆ ಮರ ಹೂಬಿಟ್ಟಿದೆ. ಹಬ್ಬದ ವಾರಕ್ಕೆ ಮೊದಲು ನಾಲ್ಕು ತಾಸು ಸಿಸ್ಟಮ್ ಬಂದ್ ಮಾಡಬೇಕೆಂದು ಹೋದ ಸೋಮವಾರ ಮೇಲಿನವರಿಗೆ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಆ ಹುಡುಗನ ಹಳೆಯ ನಂಬರ್ ಹುಡುಕಿ ತೆಗೆದಿದ್ದೇನೆ. ಈ ಭಾನುವಾರ ಮಾಡಬೇಕು.